ದೂರದರ್ಶಕಕ್ಕೆ ನಿಮ್ಮ ಊರಿನ ಅಕ್ಷಾಂಶ ಕಲಿಸಿ

ಹೊಸ ಟೆಲಿಸ್ಕೋಪಿನ ಡಬ್ಬಿಯ ಮೇಲಿನ ಚಿತ್ರವನ್ನು ಒಮ್ಮೆ ಗಮನಿಸಿ. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಓರೆಯಾಗಿ ಕೂತ ಲೋಹದ ತಲೆ, ಒಂದು ಬದಿಗೆ ಉದ್ದನೆಯ ಕೊಳವೆ, ಎದುರು ಬದಿಗೆ ಕಬ್ಬಿಣದ ತೂಕ. ಆ ತಲೆಯ ಓರೆ ಹೆಚ್ಚಾಗಿ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಯುರೋಪ್, ಅಮೆರಿಕದ ಊರುಗಳಿಗೆ ಅದು ಸರಿ. ಬೆಂಗಳೂರಿಗೆ ಬೇಕಾದದ್ದು 13 ಡಿಗ್ರಿ. ಮೈಸೂರಿಗೆ 12.3, ಹುಬ್ಬಳ್ಳಿಗೆ 15.4, ಬೀದರ್‌ಗೆ ಹೆಚ್ಚುಕಡಿಮೆ 18. ಚಿತ್ರದಲ್ಲಿದ್ದಂತೆಯೇ ಜೋಡಿಸಿಬಿಟ್ಟರೆ ಯಂತ್ರ ಬೇರೆ ಯಾವುದೋ ದೇಶದ ಆಕಾಶಕ್ಕೆ ಹೊಂದಿಕೊಂಡು ನಿಂತಿರುತ್ತದೆ.

ಉತ್ಸಾಹದಿಂದ ತಂದ ಎಷ್ಟೋ ದೂರದರ್ಶಕಗಳು ಕೆಲವೇ ವಾರಗಳಲ್ಲಿ ಅಟ್ಟ ಸೇರುತ್ತವೆ. ಕನ್ನಡಿ, ಮಸೂರ ಚೆನ್ನಾಗಿಯೇ ಇರುತ್ತವೆ, ಸ್ಟ್ಯಾಂಡು ಅರ್ಥವಾಗಿರುವುದಿಲ್ಲ. ಈಕ್ವಟೋರಿಯಲ್ ಮೌಂಟ್ ಎಂಬ ಈ ಓರೆ ತಲೆಯ ಸ್ಟ್ಯಾಂಡು ಹೊಸಬರನ್ನು ಹೆದರಿಸುತ್ತದೆ ನಿಜ. ಆದರೆ ಒಂದು ಮಧ್ಯಾಹ್ನ ಕೂತು ಅದರ ಲೆಕ್ಕ ತಿಳಿದುಕೊಂಡರೆ, ಭೂಮಿ ತಿರುಗುತ್ತಿದೆ ಎಂಬುದನ್ನು ಇಷ್ಟು ನೇರವಾಗಿ ಕೈಗೆ ತಂದುಕೊಡುವ ಸಾಧನ ಮನೆಯಲ್ಲಿ ಇನ್ನೊಂದಿರುವುದಿಲ್ಲ.

ಓರೆ ಏಕೆ?

ಭೂಮಿ 23 ಗಂಟೆ 56 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಹಾಗಾಗಿ ಆಕಾಶ ಗಂಟೆಗೆ 15 ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುತ್ತದೆ. ಬರಿಗಣ್ಣಿಗೆ ಇದು ತಿಳಿಯದು, ಐಪೀಸಿಗೆ ಕಣ್ಣಿಟ್ಟ ಕೂಡಲೇ ತಿಳಿಯುತ್ತದೆ. 130 ಮಿ.ಮೀ. ಕನ್ನಡಿ, 900 ಮಿ.ಮೀ. ಸಂಗಮ ದೂರದ ದೂರದರ್ಶಕಕ್ಕೆ 10 ಮಿ.ಮೀ. ಐಪೀಸ್ ಹಾಕಿದರೆ ವರ್ಧನೆ 90 ಪಟ್ಟು. ಕಾಣುವ ಆಕಾಶದ ಅಗಲ ಸುಮಾರು ಅರ್ಧ ಡಿಗ್ರಿ, ಅಂದರೆ ಒಂದು ಚಂದ್ರನಷ್ಟು. ನಟ್ಟನಡುವೆ ನಿಲ್ಲಿಸಿದ ಶನಿ ಒಂದೇ ನಿಮಿಷದಲ್ಲಿ ಅಂಚು ದಾಟಿ ಹೋಗುತ್ತಾನೆ. ಪಕ್ಕದಲ್ಲಿ ಕಾಯುತ್ತಿರುವ ಮಗುವಿನ ಸರದಿ ಬರುವಷ್ಟರಲ್ಲಿ ಅಲ್ಲಿ ಬರೀ ಕತ್ತಲೆ.

ಭಾಗವತ ಪುರಾಣ ಧ್ರುವನನ್ನು ಕಣದ ಮೇಟಿಗೆ ಹೋಲಿಸುತ್ತದೆ. ಮೇಟಿಗೆ ಕಟ್ಟಿದ ಎತ್ತುಗಳಂತೆ ಜ್ಯೋತಿಗಳೆಲ್ಲ ಅವನನ್ನು ಸುತ್ತುತ್ತವೆ. ಈಕ್ವಟೋರಿಯಲ್ ಮೌಂಟ್ ಮಾಡುವುದು ಇಷ್ಟೇ: ತನ್ನ ಒಂದು ಅಕ್ಷವನ್ನು ಆ ಮೇಟಿಯತ್ತ ಚಾಚಿ ಹಿಡಿಯುತ್ತದೆ. ಇದು ಆರ್‌ಎ ಅಕ್ಷ. ಒಮ್ಮೆ ಅದು ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತೆಂದರೆ, ಒಂದೇ ತಿರುಪನ್ನು ನಿಧಾನಕ್ಕೆ ತಿರುಗಿಸುತ್ತ ಗ್ರಹವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಇನ್ನೊಂದು, ಡೆಕ್ಲಿನೇಷನ್ ಅಕ್ಷ, ಉತ್ತರ ದಕ್ಷಿಣದ ಆಯ್ಕೆಗೆ. ಗುರಿ ಸಿಕ್ಕ ಮೇಲೆ ಅದಕ್ಕೆ ಹೆಚ್ಚು ಕೆಲಸವಿಲ್ಲ.

ಈಗಿನ ಸ್ಟ್ಯಾಂಡುಗಳ ಮೂಲ ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್. ಡೋರ್ಪಾಟ್, ಅಂದರೆ ಇಂದಿನ ಎಸ್ಟೋನಿಯಾದ ಟಾರ್ಟು ನಗರದ ವೀಕ್ಷಣಾಲಯಕ್ಕೆ ಅವರು ಮಾಡಿಕೊಟ್ಟ 24 ಸೆಂ.ಮೀ. ಮಸೂರದ ದೂರದರ್ಶಕ 1824ರಲ್ಲಿ ಅಲ್ಲಿಗೆ ತಲುಪಿತು. ಅಡ್ಡ ಅಕ್ಷದ ಒಂದು ತುದಿಗೆ ಕೊಳವೆ, ಇನ್ನೊಂದು ತುದಿಗೆ ತೂಕ ಎಂಬ ಅದೇ ವಿನ್ಯಾಸ ಇಂದು ಡಬ್ಬಿಯಲ್ಲಿ ಮನೆಗೆ ಬರುತ್ತಿದೆ.

ಜೋಡಿಸುವ ಕ್ರಮ

ಮೊದಲ ಜೋಡಣೆ ಹಗಲಿನಲ್ಲಿ, ಹಜಾರದ ನೆಲದ ಮೇಲೆ ಆಗಲಿ. ಕತ್ತಲಲ್ಲಿ ತಾರಸಿಯ ಮೇಲೆ ಬಿದ್ದ ಸಣ್ಣ ತಿರುಪು ಮತ್ತೆ ಸಿಗುವುದು ಕಷ್ಟ.

ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಗಿಡ್ಡ ಕಾಲು ಕಡಿಮೆ ನಡುಗುತ್ತದೆ. ರಸಮಟ್ಟ ಇಟ್ಟು ಸಮ ಮಾಡಿ, ಮೌಂಟಿನ ತಲೆಯನ್ನು ಕೂರಿಸಿ. ಪಕ್ಕದಲ್ಲಿ ಡಿಗ್ರಿ ಕೊರೆದ ಪಟ್ಟಿಯಿರುತ್ತದೆ. ಬೋಲ್ಟು ಸಡಿಲಿಸಿ ಮುಳ್ಳನ್ನು ನಿಮ್ಮ ಊರಿನ ಅಕ್ಷಾಂಶಕ್ಕೆ ತನ್ನಿ. ಪಟ್ಟಿಯ ಗೆರೆಗಳು ಒರಟಾಗಿದ್ದರೆ ಮೊಬೈಲಿನ ಕೋನ ಅಳೆಯುವ ಆ್ಯಪ್ ನೆರವಿಗೆ ಬರುತ್ತದೆ.

ಇಲ್ಲಿ ನಮ್ಮ ಸೀಮೆಗೇ ವಿಶೇಷವಾದ ತೊಡಕೊಂದಿದೆ. ಅಕ್ಷ ಇಷ್ಟು ಮಲಗಿದಾಗ ತೂಕದ ಸರಳು ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತದೆ, ತುಸುವೇ ಉತ್ತರಕ್ಕೆ ವಾಲಿರುತ್ತದೆ. ಒಂದು ಕಾಲನ್ನು ಉತ್ತರಕ್ಕೆ ಇಡಿ ಎಂದು ಕೈಪಿಡಿಗಳು ಹೇಳುವುದುಂಟು. ಹಾಗಿಟ್ಟರೆ ನಮ್ಮಲ್ಲಿ ತೂಕ ಹೋಗಿ ಆ ಕಾಲಿಗೇ ಬಡಿಯಬಹುದು. ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ಮುಕ್ಕಾಲಿಯನ್ನು ತಿರುಗಿಸಿಟ್ಟರೆ ಸರಳಿಗೆ ದಾರಿ ಸಿಗುತ್ತದೆ.

ಇನ್ನು ತಪ್ಪಬಾರದ ಕ್ರಮ: ಮೊದಲು ತೂಕ, ಆಮೇಲೆ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ, ಆಮೇಲೆ ತೂಕ. ಸರಳಿನ ತುದಿಯ ಪುಟ್ಟ ತಿರುಪನ್ನು ಮರೆಯದೆ ಹಾಕಿ. ತೂಕ ಜಾರಿದರೆ ಕಾಲ್ಬೆರಳಿನ ಮೇಲೆ ಬೀಳದಂತೆ ತಡೆಯುವುದು ಅದೇ.

ನಂತರ ಸಮತೋಲ. ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದೇ ಆರ್‌ಎ ಬಿಗಿಯನ್ನು ಸಡಿಲಿಸಿ, ಸರಳನ್ನು ಅಡ್ಡಕ್ಕೆ ತನ್ನಿ. ಕೊಳವೆ ಇಳಿದರೆ ತೂಕವನ್ನು ಹೊರಕ್ಕೆ ಸರಿಸಿ, ತೂಕ ಇಳಿದರೆ ಒಳಕ್ಕೆ. ಕೈಬಿಟ್ಟರೂ ಎರಡೂ ಕದಲದೆ ನಿಂತವೆಂದರೆ ಸರಿಯಾಯಿತು. ಡೆಕ್ಲಿನೇಷನ್ ಅಕ್ಷಕ್ಕೂ ಹೀಗೇ, ಉಂಗುರಗಳೊಳಗೆ ಕೊಳವೆಯನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿ. ಇಲ್ಲಿ ಕೊಟ್ಟ ಹತ್ತು ನಿಮಿಷ ರಾತ್ರಿಯಿಡೀ ಫಲ ಕೊಡುತ್ತದೆ: ತಿರುಪು ಬೆರಳ ತುದಿಗೆ ಓಗೊಡುತ್ತದೆ, ಹಲ್ಲುಚಕ್ರ ಸವೆಯುವುದಿಲ್ಲ.

ಗುರಿ ಹುಡುಕಲು ಕೊಳವೆಯ ಮೇಲೆ ಕೂರಿಸುವ ಪುಟ್ಟ ದುರ್ಬೀನು, ಅಂದರೆ ಫೈಂಡರನ್ನೂ ಹಗಲಲ್ಲೇ ಹೊಂದಿಸಿಕೊಳ್ಳಿ. ದೂರದ ಮೊಬೈಲ್ ಟವರಿನ ತುದಿಯನ್ನು ಐಪೀಸಿನ ನಡುವೆ ತಂದು, ಅದೇ ತುದಿ ಫೈಂಡರಿನ ನಡುವೆಯೂ ಬರುವಂತೆ ಅದರ ತಿರುಪುಗಳನ್ನು ಸರಿಮಾಡಿ. ಟವರು ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಕನ್ನಡಿ ದೂರದರ್ಶಕದ ಸ್ವಭಾವವೇ ಅದು. ಈ ಕೆಲಸದಲ್ಲಿ ಸೂರ್ಯನ ಹತ್ತಿರಕ್ಕೂ ಕೊಳವೆ ಹೋಗಬಾರದು. ಫಿಲ್ಟರಿಲ್ಲದ ದೂರದರ್ಶಕದಲ್ಲಿ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು. ಮಕ್ಕಳಿಗೆ ಮೊದಲು ಹೇಳಬೇಕಾದ ಮಾತು ಇದು.

ಧ್ರುವನನ್ನು ಹುಡುಕುತ್ತ

ರಾತ್ರಿಯ ಮೊದಲ ಕೆಲಸ ಅಕ್ಷವನ್ನು ಉತ್ತರಕ್ಕೆ ತಿರುಗಿಸುವುದು. ಧ್ರುವ ನಕ್ಷತ್ರ ದಿಗಂತದಿಂದ ನಿಮ್ಮ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಬೆಂಗಳೂರಿನಲ್ಲಿ ಒಂದು ಮುಷ್ಟಿಗಿಂತ ತುಸು ಮೇಲೆ ನೋಡಿ. ಬೀದರಿನಲ್ಲಿ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ. ಕಂಡರೆ, ಕೊಳವೆಯನ್ನು ಆರ್‌ಎ ಅಕ್ಷಕ್ಕೆ ಸಮಾನಾಂತರವಾಗಿಟ್ಟು ಬಿಗಿಮಾಡಿ, ಇಡೀ ಮೌಂಟನ್ನೇ ಅತ್ತಿತ್ತ, ಮೇಲೆ ಕೆಳಗೆ ಹೊಂದಿಸಿ ಅವನನ್ನು ಫೈಂಡರಿನ ನಡುವೆ ತನ್ನಿ.

ಇಷ್ಟು ಕೆಳಗಿರುವ ಧ್ರುವ ನಮ್ಮ ನಗರಗಳಲ್ಲಿ ಅಪಾರ್ಟ್‌ಮೆಂಟಿನ ಹಿಂದೆಯೋ ಧೂಳಿನ ಮಬ್ಬಿನಲ್ಲೋ ಮರೆಯಾಗಿರುವುದೇ ಹೆಚ್ಚು. ಆಗ ದಿಕ್ಸೂಚಿ ಸಾಕು. ಕರ್ನಾಟಕದಲ್ಲಿ ಕಾಂತ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅಂತರ ತೀರ ಕಡಿಮೆ. ಉಕ್ಕಿನ ಕಾಲುಗಳಿಂದ ದೂರ ನಿಂತು ದಿಕ್ಕು ನೋಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟರೆ ಮರುದಿನದಿಂದ ಆ ಕೆಲಸವೂ ಉಳಿಯುತ್ತದೆ. ಕಣ್ಣಿನ ವೀಕ್ಷಣೆಗೆ ಒಂದೆರಡು ಡಿಗ್ರಿಯ ತಪ್ಪು ದೊಡ್ಡದಲ್ಲ. ಫೋಟೋ ತೆಗೆಯುವವರಿಗೆ ಮಾತ್ರ ಹೆಚ್ಚಿನ ಕರಾರುವಾಕ್ಕು ಬೇಕು.

ಧ್ರುವ ಇಷ್ಟು ತಗ್ಗಿನಲ್ಲಿರುವುದಕ್ಕೆ ಪ್ರತಿಫಲ ದಕ್ಷಿಣದಲ್ಲಿದೆ. ಲಂಡನ್ನಿನವರು ಎಂದೂ ಕಾಣದ ಅಗಸ್ತ್ಯ ನಕ್ಷತ್ರ ನಮಗೆ ಚಳಿಗಾಲದಲ್ಲಿ ಸಲೀಸಾಗಿ ಸಿಗುತ್ತದೆ. ಒಮೆಗಾ ಸೆಂಟಾರಿ ಎಂಬ ಭಾರಿ ನಕ್ಷತ್ರಗುಚ್ಛ ಬೇಸಿಗೆಯ ರಾತ್ರಿಗಳಲ್ಲಿ ಬೆಂಗಳೂರಿನ ದಕ್ಷಿಣಕ್ಕೆ ಸುಮಾರು 30 ಡಿಗ್ರಿ ಏರುತ್ತದೆ. ಊರಿನ ಬೆಳಕು ಬಿಟ್ಟು ಹೋದರೆ ಚಿಕ್ಕ ದೂರದರ್ಶಕಕ್ಕೂ ಅದು ದಕ್ಕುತ್ತದೆ.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೈನು ಬಾಪು ದೂರದರ್ಶಕ ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ಕೆಲಸ ಮಾಡುತ್ತಿದೆ. ಕನ್ನಡಿಯ ವ್ಯಾಸ 2.34 ಮೀಟರ್. ಅದೂ ಈಕ್ವಟೋರಿಯಲ್ ಮೌಂಟಿನದೇ. ಅದರ ಅಕ್ಷವೂ ಹೆಚ್ಚುಕಡಿಮೆ ನಮ್ಮ ತಾರಸಿಯ ಮೌಂಟಿನಷ್ಟೇ ಓರೆ. ಗಾತ್ರ ಎಷ್ಟೇ ಆದರೂ ಲೆಕ್ಕ ಒಂದೇ.

ಗುಂಡಿ ಒತ್ತಿದರೆ ತಾನಾಗಿ ಗ್ರಹ ಹುಡುಕುವ ದೂರದರ್ಶಕಗಳು ಇಂದು ಸಿಗುತ್ತವೆ, ಅವುಗಳಿಂದ ಅನುಕೂಲವೂ ಇದೆ. ಆದರೂ ಮಕ್ಕಳಿಗೆ ಮೊದಲ ದೂರದರ್ಶಕ ಕೊಡಿಸುವವರಿಗೆ ನನ್ನ ಸಲಹೆ ಕೈಯಲ್ಲಿ ತಿರುಗಿಸುವ ಈ ಮೌಂಟೇ. ಕೊಡಿಸಿ ಸುಮ್ಮನಾಗಬೇಡಿ, ಮೊದಲ ವಾರ ಅವರ ಜೊತೆ ಕೂತು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ. ಅಕ್ಷಾಂಶವನ್ನು ಅವರೇ ಹುಡುಕಿ ಮುಳ್ಳು ತಿರುಗಿಸಲಿ. ಪಠ್ಯಪುಸ್ತಕದಲ್ಲಿ ಉರುಹೊಡೆದ ಭೂಮಿಯ ಅಕ್ಷ, ಧ್ರುವ, ಪರಿಭ್ರಮಣೆಗಳನ್ನು ಅವರು ಸ್ವಂತ ಕೈಯಿಂದ ಹೊಂದಿಸಿದ ದಿನ, ಖಗೋಳ ವಿಜ್ಞಾನ ಅವರದಾಗುತ್ತದೆ.