ಓರೆಯಾಗಿ ನಿಂತ ದಪ್ಪಕ್ಷರ

ಮಕ್ಕಳೇ, ವಿಜ್ಞಾನದ ಪುಸ್ತಕಗಳಲ್ಲಿ ಇಂಗ್ಲಿಷಿನ ಸಣ್ಣಕ್ಷರ 'ಎಮ್' ನೆಟ್ಟಗೆ ನಿಂತಿದ್ದರೆ ಅದು ಮೀಟರ್. ಬಲಕ್ಕೆ ಓರೆಯಾಗಿದ್ದರೆ ಅದು ದ್ರವ್ಯರಾಶಿ! ಅಕ್ಷರ ಒಂದೇ ಆದರೂ ನಿಂತ ಭಂಗಿಯಿಂದ ಅರ್ಥ ಬದಲಾಯಿತು. ಹಾಗಾದರೆ ಅಕ್ಷರ ಓರೆಯೂ ಆಗಿ ದಪ್ಪವೂ ಆದರೆ ಏನಾಗುತ್ತದೆ?

ಕಂಪ್ಯೂಟರಿನಲ್ಲಿ 'ಟೈಮ್ಸ್ ನ್ಯೂ ರೋಮನ್' ಅಕ್ಷರಗಳನ್ನು ನೀವು ನೋಡಿರಬಹುದು. ಸ್ಟ್ಯಾನ್ಲಿ ಮಾರಿಸನ್ ಅವರ ಮಾರ್ಗದರ್ಶನದಲ್ಲಿ ವಿಕ್ಟರ್ ಲಾರ್ಡೆಂಟ್ ಇವನ್ನು ಚಿತ್ರಿಸಿದರು. 1932ರ ಅಕ್ಟೋಬರ್ 3ರಂದು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ ಈ ಅಕ್ಷರಗಳಲ್ಲಿ ಅಚ್ಚಾಗಿ ಬಂತು. ಇವುಗಳ ಗೆರೆಗಳ ತುದಿಯಲ್ಲಿ ಪುಟ್ಟ ಪಾದದಂತಹ ಚಾಚುಗಳಿವೆ. ಇವೇ 'ಸೆರಿಫ್'.

ಓರೆ ಅಕ್ಷರ ಇದಕ್ಕಿಂತ ತುಂಬಾ ಹಳೆಯದು. ಇಟಲಿಯ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಟಿಯಸ್‌ಗಾಗಿ ಫ್ರಾನ್ಸೆಸ್ಕೊ ಗ್ರಿಫೊ ಕೈಬರಹವನ್ನು ಹೋಲುವ ಅಚ್ಚುಮೊಳೆಗಳನ್ನು ರೂಪಿಸಿದ. 1501ರಲ್ಲಿ ಅವುಗಳಿಂದ ವರ್ಜಿಲ್ ಕವಿಯ ಪುಸ್ತಕ ಅಚ್ಚಾಯಿತು. ಇಟಲಿಯಲ್ಲಿ ಹುಟ್ಟಿದ್ದರಿಂದಲೇ ಇದಕ್ಕೆ 'ಇಟಾಲಿಕ್' ಎಂಬ ಹೆಸರು. ದಪ್ಪಕ್ಷರ, ಅಂದರೆ 'ಬೋಲ್ಡ್', ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ.

ನೆಟ್ಟಗಿರುವ ಅಕ್ಷರವನ್ನು ಸುಮ್ಮನೆ ಬಗ್ಗಿಸಿ ದಪ್ಪ ಮಾಡಿದರೆ ಸಾಲದೇ? ಸಾಲದು. ಒಂದು ಪ್ರಯೋಗ ಮಾಡಿ. ಇಂಗ್ಲಿಷಿನ ಸಣ್ಣಕ್ಷರ 'ಇ' ಅನ್ನು ಬಾಲ್‌ಪೆನ್ನಿನಿಂದ ಚಿಕ್ಕದಾಗಿ ಬರೆಯಿರಿ. ಅದೇ ಅಳತೆಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯಿರಿ. ಒಳಗಿನ ಕಿಂಡಿ ಮುಚ್ಚಿಹೋಯಿತಲ್ಲವೇ? ಅದಕ್ಕಾಗಿ ಅಕ್ಷರ ರೂಪಿಸುವವರು ಲಂಬ ಗೆರೆಗಳನ್ನು ಹೆಚ್ಚು ದಪ್ಪ ಮಾಡಿ, ತೆಳು ಗೆರೆಗಳನ್ನು ತೆಳುವಾಗಿಯೇ ಉಳಿಸುತ್ತಾರೆ. ಓರೆಯಾದಾಗ ಕೆಲವು ಅಕ್ಷರಗಳ ಆಕಾರವೇ ಬದಲಾಗುತ್ತದೆ. ನೆಟ್ಟಗಿನ ಸಣ್ಣ 'ಎ'ಗೆ ತಲೆಯ ಮೇಲೆ ಒಂದು ಕೊಕ್ಕೆ ಇರುತ್ತದೆ. ಓರೆಯ 'ಎ'ಗೆ ಅದು ಇರುವುದಿಲ್ಲ, ನಾವು ಕೈಯಲ್ಲಿ ಬರೆಯುವಂತೆಯೇ ಇರುತ್ತದೆ. ಹೀಗಾಗಿ ದಪ್ಪ ಓರೆ ಅಕ್ಷರಗಳನ್ನು ಪ್ರತ್ಯೇಕವಾಗಿಯೇ ರಚಿಸಬೇಕು.

ಇವುಗಳ ಉಪಯೋಗವೇನು? ಒಂದು ಮೇಜನ್ನು ಎಡದಿಂದ ನೀವು, ಬಲದಿಂದ ನಿಮ್ಮ ಗೆಳತಿ ಸಮನಾದ ಬಲದಿಂದ ತಳ್ಳಿದರೆ ಅದು ಕದಲುವುದಿಲ್ಲ. ಇಬ್ಬರೂ ಒಂದೇ ಕಡೆಯಿಂದ ತಳ್ಳಿದರೆ ಸರಿಯುತ್ತದೆ. ಆದ್ದರಿಂದ ಬಲ ಎಷ್ಟು ಎಂದರೆ ಸಾಲದು, ಯಾವ ದಿಕ್ಕಿಗೆ ಎಂದೂ ತಿಳಿಯಬೇಕು. ದಿಕ್ಕು ಇರುವ ಇಂತಹ ಪರಿಮಾಣಗಳನ್ನು 'ಸದಿಶ' ಎನ್ನುತ್ತಾರೆ. ಭೌತಶಾಸ್ತ್ರದ ಅನೇಕ ಪುಸ್ತಕಗಳು ಇವನ್ನು ದಪ್ಪ ಓರೆ ಅಕ್ಷರದಲ್ಲಿ ಅಚ್ಚು ಮಾಡುತ್ತವೆ. 'ಎಫ್' ಬರೀ ಓರೆಯಾಗಿದ್ದರೆ ಬಲದ ಪ್ರಮಾಣ ಮಾತ್ರ. ದಪ್ಪವೂ ಆಗಿದ್ದರೆ ದಿಕ್ಕೂ ಸೇರಿತು. ಅಚ್ಚಿನಲ್ಲಿ ಇದು ತಪ್ಪಿದರೆ ಲೆಕ್ಕವೇ ತಪ್ಪಬಹುದು! ಕೈಯಲ್ಲಿ ಬರೆಯುವಾಗ ದಪ್ಪಕ್ಷರದ ಬದಲು ಅಕ್ಷರದ ಮೇಲೆ ಬಾಣದ ಗುರುತು ಹಾಕುತ್ತಾರೆ.

ನಿಘಂಟುಗಳಲ್ಲಿ, ಉಪಶೀರ್ಷಿಕೆಗಳಲ್ಲಿಯೂ ಈ ಅಕ್ಷರಗಳನ್ನು ಕಾಣಬಹುದು. ಆದರೆ ಇಡೀ ಪುಟವನ್ನೇ ಹೀಗೆ ಅಚ್ಚು ಮಾಡಿದರೆ ಕಣ್ಣಿಗೆ ದಣಿವು. ತರಗತಿಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲ, ಅಲ್ಲವೇ?

ನಿಮ್ಮ ಶಾಲೆಯ ಇಂಗ್ಲಿಷ್ ನಿಘಂಟನ್ನು ತೆರೆಯಿರಿ. ನೆಟ್ಟಗಿನ, ಓರೆಯ, ದಪ್ಪ, ದಪ್ಪ ಓರೆ ಅಕ್ಷರಗಳು ಎಲ್ಲೆಲ್ಲಿ ಇವೆ, ಏಕೆ ಇವೆ ಎಂದು ಪಟ್ಟಿ ಮಾಡಿ ನೋಡಿ.