ಆಪತ್ತಿಗಾಗುವ ನೆಂಟರು
ಘಟ್ಟದ ಬುಡದ ಸ್ವಯಂಸೇವಕರ ಕಾರ್ಯವೂ ಶಿಕ್ಷಣವೂ

ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ನಮ್ಮ ಹಿರಿಯರು ನಗೆಗೀಡು ಮಾಡಿದರು. ಹಾಗಿದ್ದೂ ಗುಡ್ಡಬೆಟ್ಟಗಳ ಅಪಘಾತಗಳ ವಿಷಯದಲ್ಲಿ ನಮ್ಮ ಸಮಾಜದ ನಡತೆಯು ಇಂದಿಗೂ ಅದೇ ಬಗೆಯದಾಗಿರುವದು. ಯಾರೋ ಬಂಡೆಯಿಂದ ಜಾರಿದರೆಂದೋ, ಕಾಡಿನಲ್ಲಿ ದಾರಿ ತಪ್ಪಿದರೆಂದೋ ಸುದ್ದಿ ಬಂದೊಡನೆ ಹಗ್ಗಕ್ಕಾಗಿ ಹುಡುಕಾಟ, ಹಾದಿ ಬಲ್ಲವರಿಗಾಗಿ ಕೂಗಾಟ, ಡೋಲಿ ಹೊರುವವರಿಗಾಗಿ ಅಲೆದಾಟ ಮೊದಲಾಗುತ್ತವೆ. ಎರಡು ದಿನ ಎಲ್ಲೆಡೆಯೂ ಮರುಕದ ಮಾತು. ಮೂರನೆಯ ದಿನ ಎಲ್ಲರಿಗೂ ಮರೆವು. ಈ ಮರೆವಿಗೆ ಎಡೆಗೊಡದೆ ವರ್ಷವೆಲ್ಲ ಸಿದ್ಧರಾಗಿರಬಲ್ಲ ಸ್ವಯಂಸೇವಕರ ವಿಷಯವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಾಗರಿಕರೂ ಅಧಿಕಾರಿಗಳೂ ವಿಚಾರಮಾಡುವದು ಅವಶ್ಯವಾಗಿದೆ.

ಈ ಮೂರು ತಾಲೂಕುಗಳ ನೆಲದ ಸ್ವಭಾವವೇ ಅಪಾಯದ ಕಡೆಗೆ ಬೆರಳು ತೋರಿಸುತ್ತದೆ. ಬಂಟ್ವಾಳದಲ್ಲಿ ಕಾರಿಂಜದ ಬಂಡೆಯೂ ನರಹರಿ ಪರ್ವತವೂ ಭಕ್ತರನ್ನು ಕರೆಯುತ್ತವೆ. ಮೂಡುಬಿದಿರೆಯ ಸಮೀಪದಲ್ಲಿ ಕೊಣಾಜೆ ಕಲ್ಲು ತಲೆಯೆತ್ತಿ ನಿಂತಿದೆ. ಬೆಳ್ತಂಗಡಿಗಂತೂ ಪೂರ್ವದಿಕ್ಕಿನಲ್ಲಿ ಪಶ್ಚಿಮ ಘಟ್ಟವೇ ಗೋಡೆ. ಚಾರ್ಮಾಡಿಯ ತಿರುವುಗಳು, ಬಂಡಾಜೆಯ ಅರ್ಬಿ, ಶಿಶಿಲದ ಮೇಲಣ ಎತ್ತಿನಭುಜ, ಇವೆಲ್ಲವೂ ಇಂದು ಚಾರಣಿಗರಿಗೆ ಪರಿಚಿತವಾಗಿವೆ. ಟಿಪ್ಪು ಸುಲ್ತಾನನು 1794ರಲ್ಲಿ ಜಮಲಾಬಾದ್ ಕೋಟೆಯನ್ನು ಕಟ್ಟಿಸಿದ ಗಡಾಯಿಕಲ್ಲು ಸುಮಾರು 1,700 ಅಡಿ ಎತ್ತರದ್ದು. ಏರುವದಕ್ಕೂ ಇಳಿಯುವದಕ್ಕೂ ಅದೊಂದೇ ಇಕ್ಕಟ್ಟಾದ ಮೆಟ್ಟಲು ಸಾಲು. ಶತ್ರುವನ್ನು ತಡೆಯಲೆಂದು ಅಂದು ಆರಿಸಿದ ಈ ಒಂಟಿ ದಾರಿಯೇ ಇಂದು ಗಾಯಾಳುವನ್ನು ಇಳಿಸಬೇಕಾದವನಿಗೆ ದೊಡ್ಡ ತೊಡಕಾಗಿರುವದು.

ಪ್ರಕೃತಿಯ ಎಚ್ಚರಿಕೆಯೂ ಬಾರದೆ ಇಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಹಾಮಳೆಯು ಸುರಿದಾಗ ಚಾರ್ಮಾಡಿ ಘಟ್ಟವು ಹಲವೆಡೆ ಕುಸಿಯಿತು. ತಪ್ಪಲಿನ ಚಾರ್ಮಾಡಿ, ಮಲವಂತಿಗೆ, ದಿಡುಪೆಗಳ ಕಡೆ ಹೊಳೆಗಳು ಮರಮಟ್ಟುಗಳನ್ನೂ ಮಣ್ಣನ್ನೂ ಹೊತ್ತು ತಂದು ಮನೆ ತೋಟಗಳನ್ನು ಮುಚ್ಚಿದುವು. 2021ರ ಜನವರಿಯಲ್ಲಿ, ಮಳೆಯ ಕಾಲವೇ ಅಲ್ಲದ ಹೊತ್ತಿನಲ್ಲಿ, ಮಲವಂತಿಗೆಯ ಬಂಗಾರಪಲ್ಕೆ ಜಲಪಾತದ ಬಳಿ ಗುಡ್ಡವು ಜರಿದು ತರುಣ ವಿದ್ಯಾರ್ಥಿಯೊಬ್ಬನು ಮಣ್ಣಿನಡಿಯಲ್ಲಿ ಸಿಕ್ಕಿಕೊಂಡನು. ಯಂತ್ರಗಳು ತಲುಪುವದೇ ಕಷ್ಟವಾದ ಆ ಕಂದರದಲ್ಲಿ ಸರಕಾರದ ಪಡೆಗಳೂ ಊರಿನ ಸ್ವಯಂಸೇವಕರೂ ಸುಮಾರು ಮೂರು ವಾರ ಅಗೆದ ತರುವಾಯ ಅವನ ದೇಹವು ದೊರೆಯಿತು. ಆ ದಿನಗಳಲ್ಲಿ ಗುದ್ದಲಿ ಹಿಡಿದು ನಿಂತವರ ಮೌನವನ್ನು ನೆನೆದರೆ, ಸ್ವಯಂಸೇವೆಯ ಬಹುಭಾಗವು ಜಯಘೋಷವಿಲ್ಲದ ದುಡಿಮೆಯೆಂಬದು ಮನಸ್ಸಿಗೆ ಬಾರದಿರದು.

ಸರಕಾರವಿರುವಾಗ ಊರವರು ಏತಕ್ಕೆಂದು ಕೆಲವರು ಕೇಳಬಹುದು. ಉತ್ತರವು ಸುಲಭವಾದುದು: ದೂರ ಮತ್ತು ಕಾಲ. 2006ರಲ್ಲಿ ರಚಿತವಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯು ಎಷ್ಟೇ ಸಮರ್ಥವಾದರೂ ಅದು ಘಟ್ಟದ ಬುಡದ ಪ್ರತಿಯೊಂದು ಹಳ್ಳಿಯಲ್ಲಿ ಬೀಡುಬಿಟ್ಟಿರಲಾರದು. ಅಗ್ನಿಶಾಮಕ ದಳದ ವಾಹನವು ರಸ್ತೆಯು ಮುಗಿಯುವಲ್ಲಿ ನಿಲ್ಲಲೇಬೇಕು. 2022ರ ಫೆಬ್ರವರಿಯಲ್ಲಿ ಕೇರಳದ ಮಲಂಪುಳ ಬಳಿಯ ಬೆಟ್ಟದಲ್ಲಿ ಜಾರಿದ ತರುಣನೊಬ್ಬನು ಅನ್ನ ನೀರಿಲ್ಲದೆ ನಲವತ್ತು ಗಂಟೆಗಳಿಗೂ ಮಿಕ್ಕು ಬಂಡೆಯ ಸಂದಿಯಲ್ಲಿ ಕುಳಿತಿದ್ದನು. ಹೆಲಿಕಾಪ್ಟರಿಗೆ ಅವನನ್ನು ಸಮೀಪಿಸಲಾಗಲಿಲ್ಲ. ಕಡೆಗೆ ಹಗ್ಗ ಹಿಡಿದು ಬಂಡೆಯಿಳಿಯಬಲ್ಲ ಸೈನಿಕರು ಬಂದು ಅವನನ್ನು ಮೇಲೆತ್ತಿದರು. ಅದೇ ತಿಂಗಳು ನಮ್ಮ ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ಯಲಹಂಕದ ವಾಯುಪಡೆಯು ಎತ್ತಿ ಉಳಿಸಿತು. ನಂದಿಬೆಟ್ಟಕ್ಕೆ ಯಲಹಂಕವು ಹತ್ತಿರ. ಬೆಳ್ತಂಗಡಿಯ ಕಾಡಿಗೆ ಯಾವುದು ಹತ್ತಿರ? ಪಕ್ಕದ ಮನೆಯವನೇ ಹತ್ತಿರ.

ಈ ಪಕ್ಕದ ಮನೆಯವನು ನಮ್ಮಲ್ಲಿ ಹಿಂದಿನಿಂದಲೂ ಇದ್ದಾನೆ. ಕಾಡಿನ ಪ್ರತಿಯೊಂದು ಸೀಳುದಾರಿಯನ್ನೂ ತೊರೆಯನ್ನೂ ಬಲ್ಲ ಮಲೆಕುಡಿಯ ಬಂಧುಗಳು ಘಟ್ಟದ ತಪ್ಪಲಿನಲ್ಲಿದ್ದಾರೆ. ನೇತ್ರಾವತಿಯಲ್ಲಿ ಮುಳುಗುವವರಿಗಾಗಿ ಹೊಳೆಗೆ ಧುಮುಕುವ ಪಾಣೆಮಂಗಳೂರು ಗೂಡಿನಬಳಿಯ ಈಜುಗಾರ ತರುಣರಿದ್ದಾರೆ. 2019ರ ನೆರೆಯ ತರುವಾಯ ಕೊಳಂಬೆಯ ಮನೆಗಳನ್ನು ಮತ್ತೆ ನಿಲ್ಲಿಸಲು ಉಜಿರೆಯ ‘ಬದುಕು ಕಟ್ಟೋಣ ಬನ್ನಿ’ ತಂಡದವರು ಕೈಗೂಡಿಸಿದರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ‘ಶೌರ್ಯ’ ಎಂಬ ವಿಪತ್ತು ನಿರ್ವಹಣಾ ಘಟಕಗಳು ಏರ್ಪಟ್ಟು, ತಮ್ಮ ತಮ್ಮ ಕಸುಬುಗಳನ್ನು ಮಾಡಿಕೊಂಡಿರುವ ತರುಣರು ಕರೆ ಬಂದಾಗ ಓಡಿಬರುವ ಪದ್ಧತಿಯು ಬೆಳೆದಿದೆ. ಇದು ನಾಡಿಗೆ ಹೆಮ್ಮೆಯ ಸಂಗತಿ.

ಆದರೆ ಕೇವಲ ಧೈರ್ಯದಿಂದ ಕೆಲಸವಾಗದು. ಶಿಕ್ಷಣವಿಲ್ಲದ ಧೈರ್ಯವು ಒಂದು ಅಪಘಾತವನ್ನು ಎರಡಾಗಿ ಮಾಡುವದುಂಟು. ಬಂಡೆಯೇರುವದರಲ್ಲಿ ಅಸಮಾನನೆನಿಸಿದ ಚಿತ್ರದುರ್ಗದ ಜ್ಯೋತಿರಾಜನೇ 2018ರಲ್ಲಿ ಜೋಗದ ಕಂದರಕ್ಕೆ ಒಂದು ಶವವನ್ನು ಹುಡುಕಲು ಇಳಿದಾಗ ಹಿಂದಿರುಗಲಾರದೆ ಬಂಡೆಯ ನಡುವೆ ರಾತ್ರಿ ಕಳೆಯಬೇಕಾಯಿತು. ಮರುದಿನ ಅವನನ್ನೇ ಹುಡುಕಿ ತರಬೇಕಾಯಿತು. ಅಂತಹ ಗಟ್ಟಿಗನಿಗೇ ಹೀಗಾಗುವದಾದರೆ, ಬಾವಿಯ ಹಗ್ಗವನ್ನು ಸೊಂಟಕ್ಕೆ ಬಿಗಿದು ಇಳಿಯುವ ಹಳ್ಳಿಯ ಹುಡುಗನ ಪಾಡೇನು?

ಆದುದರಿಂದ ಶಿಕ್ಷಣದ ಮೊದಲನೆಯ ಪಾಠವು ಸಾಹಸವಲ್ಲ, ಸಂಯಮ. ರಕ್ಷಕನು ಮೊದಲು ತನ್ನ ಕ್ಷೇಮವನ್ನೂ, ಬಳಿಕ ಜತೆಗಾರನದನ್ನೂ, ಆಮೇಲೆ ಗಾಯಾಳುವಿನದನ್ನೂ ನೋಡತಕ್ಕದ್ದು. ಕೇಳುವದಕ್ಕೆ ಇದು ಕಠಿಣವಾದರೂ ಅನುಭವದಿಂದ ಬಂದ ನಿಯಮ. ಎರಡನೆಯದು ಹಗ್ಗದ ವಿದ್ಯೆ. ಭಾರ ಹೊರುವ ಹಗ್ಗವೊಂದು, ಅದು ಕಡಿದರೆ ಕಾಯುವ ಹಗ್ಗ ಮತ್ತೊಂದು. ಎರಡಕ್ಕೂ ಬೇರೆ ಬೇರೆ ಆಧಾರಗಳು. ಬಂಡೆಯ ಅಂಚು ಹಗ್ಗವನ್ನು ಕೊಯ್ಯದಂತೆ ಮೆತ್ತೆ. ಒಬ್ಬನು ಹಾಕಿದ ಗಂಟನ್ನು ಇನ್ನೊಬ್ಬನು ಪರೀಕ್ಷಿಸದೆ ಯಾರೂ ಇಳಿಯಕೂಡದು. ಮೂರನೆಯದು ಶುಶ್ರೂಷೆ. ಉಸಿರು, ರಕ್ತಸ್ರಾವ, ಬೆನ್ನೆಲುಬು ಇವನ್ನು ನೋಡದೆ ಬಿದ್ದವನನ್ನು ಎಬ್ಬಿಸಿ ಕೂಡಿಸುವ ನಮ್ಮ ಅಭ್ಯಾಸವು ಎಷ್ಟೋ ಜನರನ್ನು ಜೀವಮಾನವೆಲ್ಲ ಹಾಸಿಗೆ ಹಿಡಿಸಬಲ್ಲದು. ಹೃದಯವು ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುವದನ್ನು ಪುಸ್ತಕದಿಂದ ಕಲಿಯಲಾಗದು. ಬೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿ ಕೈಗೆ ರೂಢಿಯಾಗಬೇಕು.

ನಾಲ್ಕನೆಯದು ಹುಡುಕುವ ಕ್ರಮ. ಕಳೆದುಹೋದವನನ್ನು ಕಡೆಗೆ ಕಂಡ ಸ್ಥಳವನ್ನು ಗೊತ್ತುಮಾಡಿ, ಅಲ್ಲಿಂದ ದಾರಿ, ತೊರೆ, ದಿಣ್ಣೆಗಳನ್ನು ಹಂಚಿಕೊಂಡು ನಡೆಯುವದು. ಯಾರು ಎಲ್ಲಿ ಹುಡುಕಿದರೆಂದು ಬರೆದಿಡುವದು. ನಿಮಿಷಕ್ಕೆ ಆರು ಸಲ ಸೀಟಿ ಊದುವದು ಪರ್ವತಗಳಲ್ಲಿ ಜಗತ್ತೇ ಬಲ್ಲ ಆಪತ್ತಿನ ಸಂಕೇತ, ಮೂರು ಸಲ ಊದುವದು ಅದರ ಮರುದನಿ. ಚಾರಣಕ್ಕೆ ಹೊರಡುವ ಪ್ರತಿಯೊಬ್ಬನೂ ಇದನ್ನು ತಿಳಿದಿರತಕ್ಕದ್ದು. ಕುಸಿದ ಗುಡ್ಡದ ಬಳಿ ಅಗೆಯುವಾಗಲಂತೂ ಒಬ್ಬನು ಗುದ್ದಲಿ ಮುಟ್ಟದೆ ಮೇಲಣ ಇಳಿಜಾರನ್ನೇ ನೋಡುತ್ತ ನಿಲ್ಲಬೇಕು. ಮತ್ತೆ ಮಣ್ಣು ಜರಿಯುವ ಸೂಚನೆ ಕಂಡೊಡನೆ ಕೂಗುವದೇ ಅವನ ಕೆಲಸ.

ಈ ಶಿಕ್ಷಣವನ್ನು ಪಡೆಯಲು ಸಮುದ್ರ ದಾಟಬೇಕಾಗಿಲ್ಲ. ಬಾದಾಮಿಯಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯು ಬಂಡೆಯೇರುವದನ್ನು ಕಲಿಸುತ್ತದೆ. 2016ರಲ್ಲಿ ಮೊದಲಾದ ಕೇಂದ್ರದ ‘ಆಪದ್ ಮಿತ್ರ’ ಯೋಜನೆಯಲ್ಲಿ ಸಾಮಾನ್ಯ ನಾಗರಿಕರಿಗೆ ಹನ್ನೆರಡು ದಿನಗಳ ಶಿಕ್ಷಣವು ಗೊತ್ತಾಯಿತು. ಸ್ಕೌಟುಗಳ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯು 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿಯೇ ನೆರೆಯಿತು; ಗಂಟು ಹಾಕುವ, ಗಾಯ ಕಟ್ಟುವ ವಿದ್ಯೆ ಬಲ್ಲ ಬಾಲಕ ಬಾಲಕಿಯರಿಗೆ ಈ ಸೀಮೆಯಲ್ಲಿ ಬರವಿಲ್ಲ. ಇಂಗ್ಲೆಂಡಿನಲ್ಲಿ ಪರ್ವತರಕ್ಷಣೆಯ ಭಾರವನ್ನು ಇಂದಿಗೂ ಸಂಬಳವಿಲ್ಲದ ಸ್ವಯಂಸೇವಕರೇ ಹೊತ್ತಿದ್ದಾರೆ. ಸ್ವಯಂಸೇವಕನಿಗೆ ಶಿಸ್ತೇ ಭೂಷಣವೆಂಬದನ್ನು 1923ರಷ್ಟು ಹಿಂದೆಯೇ ಹಿಂದೂಸ್ಥಾನಿ ಸೇವಾದಳದ ಮೂಲಕ ದೇಶಕ್ಕೆ ತೋರಿಸಿಕೊಟ್ಟ ಡಾ. ಹರ್ಡೀಕರರು ಕನ್ನಡಿಗರೇ ಅಲ್ಲವೇ?

ಈಗ ಆಗಬೇಕಾದುದೇನು? ಮೂರು ತಾಲೂಕುಗಳಿಗೆ ಕೂಡಿ ಒಂದು ಹಗ್ಗದ ತಂಡವು ನಿಲ್ಲಲಿ. ಅದರ ಸಾಮಗ್ರಿಯು ಬೆಳ್ತಂಗಡಿಯಂತಹ ಘಟ್ಟದ ಹತ್ತಿರದ ಸ್ಥಳದಲ್ಲಿರಲಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಚಾರಣದ ಋತುವಿಗೆ ಮೊದಲು ಇನ್ನೊಮ್ಮೆ ಅರಣ್ಯ, ಪೊಲೀಸ್, ಅಗ್ನಿಶಾಮಕ, ವೈದ್ಯ ಇಲಾಖೆಗಳ ಸಂಗಡ ತಂಡದ ಅಭ್ಯಾಸವು ನಡೆಯಲಿ. ಕಾಡಿನ ದಾರಿ ಬಲ್ಲವರ ಹೆಸರುಗಳು ತಹಸೀಲ್ದಾರರ ಮೇಜಿನ ಮೇಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪರರ ಪ್ರಾಣಕ್ಕಾಗಿ ಇಳಿಯುವವನಿಗೆ ವಿಮೆ ಇರಲಿ. ಅವನು ಕಾಲು ಮುರಿದುಕೊಂಡರೆ ಶಾಲು ಹೊದಿಸುವದರಿಂದ ಮನೆಯ ಒಲೆ ಉರಿಯದು. ಕೂಲಿ ಬಿಟ್ಟು ಬಂದವನ ಆ ದಿನದ ಕೂಲಿಯನ್ನಾದರೂ ಊರು ತುಂಬಿಕೊಡತಕ್ಕದ್ದು. ಅದು ಉಪಕಾರವಲ್ಲ, ಋಣ.

ಬೆಟ್ಟಕ್ಕೆ ಹೋಗುವವರಿಗೂ ಒಂದು ಮಾತು. ಅರಣ್ಯ ಇಲಾಖೆಯು ದಾರಿ ಮುಚ್ಚಿದಾಗ ಕಳ್ಳದಾರಿಯಿಂದ ಏರುವವನು ತನ್ನ ಪ್ರಾಣವನ್ನಷ್ಟೇ ಪಣಕ್ಕೊಡ್ಡುವದಿಲ್ಲ. ತನ್ನನ್ನು ಹುಡುಕಬರುವ ಅಪರಿಚಿತನ ಹೆಂಡಿರು ಮಕ್ಕಳ ಬಾಳನ್ನೂ ಒಡ್ಡುತ್ತಾನೆ. ಆಪತ್ತಿಗಾದವನೇ ನೆಂಟನೆಂದು ನಮ್ಮ ಗಾದೆಯು ಹೇಳುತ್ತದೆ. ಅಂತಹ ನೆಂಟರು ಈ ಸೀಮೆಯಲ್ಲಿದ್ದಾರೆ. ಅವರ ಕೈಗೆ ಒಳ್ಳೆಯ ಹಗ್ಗವನ್ನೂ ಅದರ ವಿದ್ಯೆಯನ್ನೂ ಕೊಡುವದು ಬರುವ ಮಳೆಗಾಲಕ್ಕೆ ಮುನ್ನ ನಾವು ಮಾಡಿ ಮುಗಿಸಬೇಕಾದ ಕೆಲಸ.