ಗಾಳಿಗೆ ದಾರಿ ಮಾಡಿಕೊಡುವ ಕೆಲಸ

ಸರಕನ್ನು ತಂಪಾಗಿಟ್ಟು ಸಾಗಿಸುವ ರೀಫರ್ ಕಂಟೇನರ್‌ನ ಬಾಗಿಲು ತೆಗೆದಾಗ ಮೊದಲು ನೋಡಬೇಕಾದದ್ದು ನೆಲವನ್ನು. ಸಾಮಾನ್ಯ ಕಂಟೇನರ್‌ಗಳಲ್ಲಿ ಮರದ ಹಲಗೆ ಹಾಸಿರುತ್ತಾರೆ. ಇಲ್ಲಿ ‘ಟಿ’ ಅಕ್ಷರದ ಆಕಾರದ ಅಲ್ಯೂಮಿನಿಯಂ ಪಟ್ಟಿಗಳು, ಬಾಗಿಲಿನಿಂದ ಎದುರಿನ ಗೋಡೆಯವರೆಗೆ ಉದ್ದಕ್ಕೂ, ಒಂದರ ಪಕ್ಕ ಒಂದು. ಎರಡು ಪಟ್ಟಿಗಳ ನಡುವೆ ಸಣ್ಣ ಸಂದು. ಕಂಟೇನರ್‌ನ ಜೀವ ಇರುವುದೇ ಆ ಸಂದುಗಳಲ್ಲಿ. ಎದುರುಗೋಡೆಯ ಜಾಗದಲ್ಲಿ ಕೂತಿರುವ ಯಂತ್ರ ತಣ್ಣನೆಯ ಗಾಳಿಯನ್ನು ಕೆಳಗಿನಿಂದ ಅವುಗಳೊಳಕ್ಕೆ ನುಗ್ಗಿಸುತ್ತದೆ. ಗಾಳಿ ನೆಲದುದ್ದಕ್ಕೂ ಹರಿದು, ಸರಕಿನ ನಡುವೆ ಮೇಲೇರಿ, ಚಾವಣಿಯಡಿಯಿಂದ ಮತ್ತೆ ಯಂತ್ರಕ್ಕೆ ಬಂದು ಸೇರುತ್ತದೆ. ಒಳಗೋಡೆಯ ಮೇಲ್ಭಾಗದಲ್ಲಿ ಒಂದು ಕೆಂಪು ಗೆರೆ ಎಳೆದಿರುತ್ತಾರೆ. ಅದನ್ನು ದಾಟಿ ಪೆಟ್ಟಿಗೆ ಪೇರಿಸಿದರೆ ಗಾಳಿ ವಾಪಸಾಗುವ ದಾರಿ ಮುಚ್ಚಿದಂತೆಯೇ.

ಇದನ್ನು ದೊಡ್ಡ ಫ್ರಿಜ್ ಎಂದುಕೊಂಡವರೇ ಹೆಚ್ಚು. ಆದರೆ ಬಿಸಿಯಾಗಿ ಬಂದ ಸರಕನ್ನು ತಣಿಸುವ ಶಕ್ತಿ ಈ ಯಂತ್ರಕ್ಕಿಲ್ಲ. ನಲವತ್ತು ಅಡಿಯ ಕಂಟೇನರ್ ಇಪ್ಪತ್ತೈದು ಟನ್‌ಗೂ ಮೀರಿ ಸರಕು ಹೊರುತ್ತದೆ. ಅಷ್ಟು ಸರಕಿನ ಒಡಲಿನ ಶಾಖವನ್ನು ಹೊರಹಾಕುವುದು ಅದರ ಕೈಮೀರಿದ ಮಾತು. ಗೋಡೆಯ ಮೂಲಕ ಒಳಗೆ ನುಸುಳುವ ಬಿಸಿಲಿನ ಶಾಖ, ಹಣ್ಣಾಗಿದ್ದರೆ ಅದು ತಾನೇ ಹೊಮ್ಮಿಸುವ ಶಾಖ, ಇಷ್ಟನ್ನು ಅದು ತೆಗೆದುಹಾಕುತ್ತದೆ. ಹಾಗಾಗಿ ಸಮುದ್ರಯಾನದ ಅರ್ಧ ಗೆಲುವು ಹಡಗು ಕಾಣುವ ಮೊದಲೇ ತೀರ್ಮಾನವಾಗಿರುತ್ತದೆ.

ನಮ್ಮ ಕರಾವಳಿಯ ಮೀನನ್ನೇ ನೋಡೋಣ. ಮಂಗಳೂರು, ಮಲ್ಪೆಯ ದಕ್ಕೆಗೆ ಬಂದ ಬೊಂಡಾಸ್, ರಾಣಿ ಮೀನುಗಳಲ್ಲಿ ಒಂದು ಪಾಲು ಹೊರದೇಶಕ್ಕೆ ಹೋಗುತ್ತದೆ. ರಾಣಿ ಮೀನಿನ ಜಾತಿಯವುಗಳಿಂದ ಸುರಿಮಿ ತಯಾರಾಗುತ್ತದೆ. ಮುಳ್ಳು, ಚರ್ಮ ಬೇರ್ಪಡಿಸಿದ ಮಾಂಸವನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು, ನೀರು ಹಿಂಡಿ, ಸ್ವಲ್ಪ ಸಕ್ಕರೆ ಬೆರೆಸುತ್ತಾರೆ. ಸಕ್ಕರೆ ರುಚಿಗೆ ಹಾಕಿದ್ದಲ್ಲ. ಹೆಪ್ಪುಗಟ್ಟುವಾಗ ಮೀನಿನ ಪ್ರೋಟೀನ್ ಕೆಡದಂತೆ ಅದು ಕಾಯುತ್ತದೆ. ಆಮೇಲೆ ಹತ್ತು ಕಿಲೋದ ಅಚ್ಚುಗಳಾಗಿ ಮಾಡಿ, ಮೈನಸ್ 40 ಡಿಗ್ರಿಯ ಆಸುಪಾಸಿನ ಲೋಹದ ಫಲಕಗಳ ನಡುವೆ ಒತ್ತಿಡುತ್ತಾರೆ. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣದಾಗಿರುತ್ತದೆ, ಮಾಂಸದ ಎಳೆ ಹರಿಯುವುದಿಲ್ಲ. ನಿಧಾನವಾದರೆ ಹರಳು ದೊಡ್ಡದಾಗಿ, ಕರಗಿಸಿದಾಗ ನೀರೆಲ್ಲ ಸೋರಿ ಮೀನು ಹಿಂಜಿದ ನಾರಿನಂತಾಗುತ್ತದೆ. ಅಚ್ಚಿನ ನಡುಭಾಗವೂ ಮೈನಸ್ 18 ಮುಟ್ಟಿದ ಮೇಲೆಯೇ ಅದು ಕೋಲ್ಡ್ ಸ್ಟೋರೇಜ್‌ಗೆ, ಅಲ್ಲಿಂದ ಕಂಟೇನರ್‌ಗೆ.

ಲೋಡ್ ಮಾಡುವಾಗ ಅನುಭವಸ್ಥರು ಯಂತ್ರವನ್ನು ಆಫ್ ಮಾಡುತ್ತಾರೆ. ಹೊಸಬರಿಗೆ ಇದು ತಲೆಕೆಳಗಾದ ಕೆಲಸವೆನಿಸಬಹುದು. ಬಾಗಿಲು ತೆರೆದಿರುವಾಗ ಯಂತ್ರ ಓಡಿದರೆ ಅದು ಕರಾವಳಿಯ ಹಸಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ತೇವವೆಲ್ಲ ತಂಪಿನ ಕೊಳವೆಗಳ ಮೇಲೆ ಮಂಜಾಗಿ ಕಟ್ಟುತ್ತದೆ. ಆಮೇಲೆ ಗಾಳಿ ಹಾಯಲು ಎಡೆಯೇ ಇಲ್ಲ. ಹಾಗಾಗಿ ಯಂತ್ರ ಆಫ್, ಕೈಕೆಲಸ ಚುರುಕು. ಕೋಲ್ಡ್ ಸ್ಟೋರೇಜ್‌ನ ಬಾಗಿಲಿಗೆ ಕಂಟೇನರ್ ಅಂಟಿಕೊಂಡು ನಿಲ್ಲುವಂಥ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು.

ಪೇರಿಸುವ ರೀತಿಯಲ್ಲಂತೂ ಈ ಕಸುಬಿನ ಜಾಣ್ಮೆಯೆಲ್ಲ ಕಾಣುತ್ತದೆ. ಹೆಪ್ಪುಗಟ್ಟಿದ ಮೀನಿಗೆ ತನ್ನದೇ ಶಾಖವಿಲ್ಲ. ಹಾಗಾಗಿ ಪೆಟ್ಟಿಗೆಗಳನ್ನು ಸಂದಿಲ್ಲದಂತೆ ಒತ್ತಾಗಿ ಪೇರಿಸಬೇಕು. ಗಾಳಿ ಸುತ್ತಲೂ ಹರಿದು ಹೊರಗಿನ ಶಾಖವನ್ನು ತಡೆದರೆ ಸಾಕು. ಹಣ್ಣಿನ ಲೆಕ್ಕವೇ ಬೇರೆ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ, ಉಸಿರಾಡಿದಷ್ಟೂ ಶಾಖ ಬಿಡುತ್ತದೆ. ರಾಶಿ ಹಾಕಿದ ಹಸಿಹುಲ್ಲಿನೊಳಗೆ ಕೈಯಿಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಗಾಳಿ ಪೆಟ್ಟಿಗೆಗಳ ಸುತ್ತ ಹರಿದರೆ ಸಾಲದು, ಒಳಗೇ ಹಾಯಬೇಕು. ರಟ್ಟಿನ ಪೆಟ್ಟಿಗೆಗಳ ತಳದಲ್ಲೂ ಮೇಲೂ ತೂತು ಕೊರೆದಿರುತ್ತಾರೆ. ಕೆಳಗಿನ ಪೆಟ್ಟಿಗೆಯ ತೂತಿನ ಮೇಲೆ ಮೇಲಿನ ಪೆಟ್ಟಿಗೆಯ ತೂತು ಸರಿಯಾಗಿ ಕೂರಬೇಕು. ಎರಡು ಬೆರಳಿನಷ್ಟು ಸರಿದು ಕೂತರೂ ಆ ಕಂಬದಲ್ಲಿ ಗಾಳಿ ನಿಂತುಹೋಗುತ್ತದೆ. ಬಾಗಿಲ ಬಳಿ ಬರಿದಾಗಿ ಉಳಿದ ನೆಲದ ಮೇಲೆ ರಟ್ಟು ಹಾಸುತ್ತಾರೆ. ಇಲ್ಲವಾದರೆ ಗಾಳಿ ಸುಲಭದ ದಾರಿ ಹಿಡಿದು ಅಲ್ಲೇ ಮೇಲೇರಿಬಿಡುತ್ತದೆ.

ಉಷ್ಣತೆ ಅಳೆಯುವ ಜಾಗವೂ ಸರಕಿಗೆ ತಕ್ಕಂತೆ ಬದಲಾಗುತ್ತದೆ. ಹಣ್ಣಾದರೆ ಯಂತ್ರ ಒಳಗೆ ಬಿಡುವ ಗಾಳಿಯನ್ನು ನೋಡಿ ನಡೆಯುತ್ತದೆ, ಯಾಕೆಂದರೆ ಗಾಳಿ ಒಂದೆರಡು ಡಿಗ್ರಿ ಜಾಸ್ತಿ ತಂಪಾದರೂ ಹಣ್ಣು ಹಾಳು. ಹೆಪ್ಪುಗಟ್ಟಿದ ಸರಕಾದರೆ ವಾಪಸ್ ಬರುವ ಗಾಳಿಯನ್ನು ನೋಡುತ್ತದೆ. ಬಾಳೆಕಾಯಿಯನ್ನು 13 ಡಿಗ್ರಿಯ ಸ್ವಲ್ಪ ಮೇಲೆ ಒಯ್ಯುತ್ತಾರೆ. ಅದಕ್ಕಿಂತ ಕೆಳಗಿಳಿದರೆ ಸಿಪ್ಪೆ ಮಂಕಾಗಿ, ಎಷ್ಟು ಕಾದರೂ ಚಿನ್ನದ ಬಣ್ಣ ಬರುವುದಿಲ್ಲ. ದ್ರಾಕ್ಷಿಗೆ ಸೊನ್ನೆಯ ಆಸುಪಾಸು ಬೇಕು.

ಗಾಳಿಯ ದಾರಿಗಾಗಿ ಜೀವವನ್ನೇ ಪಣಕ್ಕಿಟ್ಟವರೂ ಇದ್ದಾರೆ. 1882ರ ಫೆಬ್ರವರಿ 15ರಂದು ‘ಡನೀಡಿನ್’ ಎಂಬ ಹಾಯಿಹಡಗು ನ್ಯೂಜಿಲೆಂಡಿನ ಪೋರ್ಟ್ ಚಾಲ್ಮರ್ಸ್‌ನಿಂದ ಸುಮಾರು 5,000 ಕುರಿ, ಕುರಿಮರಿಗಳ ಹೆಪ್ಪುಗಟ್ಟಿಸಿದ ಮಾಂಸ ಹೊತ್ತು ಲಂಡನ್ನಿಗೆ ಹೊರಟಿತು. ಹಾಯಿ ಗಾಳಿಗೆ, ಕಲ್ಲಿದ್ದಲು ತಂಪಿನ ಯಂತ್ರಕ್ಕೆ. ಯಂತ್ರದ ಚಿಮಣಿಯ ಕಿಡಿ ಹಾರಿ ಹಾಯಿಗೆ ಬೆಂಕಿ ಹತ್ತಿದ್ದೂ ಉಂಟು. ಉಷ್ಣವಲಯ ತಲುಪಿದಾಗ ಉಗ್ರಾಣದೊಳಗೆ ತಂಪು ಸಮನಾಗಿ ಹರಡುತ್ತಿಲ್ಲ ಎಂದು ಗೊತ್ತಾಯಿತು. ಕ್ಯಾಪ್ಟನ್ ಜಾನ್ ವಿಟ್ಸನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿಕೊಂಡು ಹೋಗಿ ಹೊಸ ಕಂಡಿಗಳನ್ನು ಕೊರೆದ. ಚಳಿಗೆ ಮರಗಟ್ಟಿ ಬಿದ್ದವನನ್ನು ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದು ಬದುಕಿಸಿಕೊಂಡರು. 98 ದಿನಗಳ ಯಾನ ಮುಗಿದು ಲಂಡನ್ ತಲುಪಿದಾಗ ಕೆಟ್ಟಿದೆಯೆಂದು ಪಕ್ಕಕ್ಕಿಟ್ಟದ್ದು ಒಂದೇ ಒಂದು ಕುರಿಯ ಮಾಂಸ. ನ್ಯೂಜಿಲೆಂಡಿನ ಆರ್ಥಿಕತೆಯ ದಿಕ್ಕನ್ನೇ ಬದಲಿಸಿದ ಯಾನ ಅದು. ಅಂದು ವಿಟ್ಸನ್ ಕೊರೆದ ಕಂಡಿಗೂ ಇಂದು ಕೂಲಿಯಾಳು ಸರಿಹೊಂದಿಸುವ ರಟ್ಟಿನ ತೂತಿಗೂ ಇರುವುದು ಒಂದೇ ಕೆಲಸ.

ಬಾಗಿಲು ಮುಚ್ಚಿ ಸೀಲ್ ಹಾಕಿದ ಮೇಲೆ ಎಲ್ಲವೂ ಕರೆಂಟಿನ ಮೇಲೆ ನಿಂತಿದೆ. ರಸ್ತೆಯಲ್ಲಿ ಟ್ರೈಲರ್‌ಗೆ ಕಟ್ಟಿದ ಜನರೇಟರ್, ಬಂದರಿನ ಯಾರ್ಡಿನಲ್ಲಿ ಪ್ಲಗ್, ಹಡಗಿನಲ್ಲಿ ಮತ್ತೊಂದು ಪ್ಲಗ್. ಕೊಲಂಬೊದಂಥ ಕಡೆ ಹಡಗು ಬದಲಾದರೆ ಇದೇ ಸರಣಿ ಇನ್ನೊಮ್ಮೆ. ಪ್ರತಿ ಸಲ ಪ್ಲಗ್ ಕಿತ್ತು ಹಾಕುವ ಕೈಗಳು ಬೇರೆ ಬೇರೆ. ದೊಡ್ಡ ಹಡಗುಗಳಲ್ಲಿ ಸಾವಿರಕ್ಕೂ ಹೆಚ್ಚು ರೀಫರ್ ಪ್ಲಗ್‌ಗಳಿರುತ್ತವೆ. ಈಗ ದೂರದಿಂದಲೇ ಉಷ್ಣತೆ ತಿಳಿಸುವ ಉಪಕರಣಗಳು ಬಂದಿದ್ದರೂ, ಅಲೆಗೆ ಹೊಯ್ದಾಡುವ ಡೆಕ್ಕಿನ ಮೇಲೆ ಸಾಲಿನಿಂದ ಸಾಲಿಗೆ ನಡೆದು ಅಂಕಿ ಓದುವ, ಕೆಟ್ಟ ಯಂತ್ರವನ್ನು ನಡುಗಡಲಲ್ಲೇ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಇಲ್ಲದೆ ನಡೆಯುವುದಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಹೋಗತೊಡಗಿದಾಗ ಯುರೋಪಿನ ಯಾನ ವಾರಗಟ್ಟಲೆ ಉದ್ದವಾಯಿತು. ನಾಸಿಕದ ದ್ರಾಕ್ಷಿಯೂ ಆ ಸುತ್ತುದಾರಿಯನ್ನು ಹಾಯಬೇಕಾಯಿತು.

ನಮ್ಮ ವಿಜಯಪುರದ ದ್ರಾಕ್ಷಿ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಹಸಿಹಣ್ಣನ್ನೇ ಕಡಲು ದಾಟಿಸುವ ಆಸೆಯಿರುವ ಬೆಳೆಗಾರರಿಗೆ, ಅವರ ಸಂಘಗಳಿಗೆ ನನ್ನದೊಂದು ಮಾತು. ಹಡಗಿನ ಬಾಡಿಗೆ, ಡಾಲರಿನ ದರ ಆಮೇಲೆ ವಿಚಾರಿಸಿ. ಬೆಳಗಿನ ತಂಪಿನಲ್ಲಿ ಕೊಯ್ದ ಗೊಂಚಲು ಕೆಲವೇ ಗಂಟೆಗಳಲ್ಲಿ ಸೇರಬಹುದಾದ, ಹಣ್ಣನ್ನು ಮೊದಲೇ ತಣಿಸುವ ಪ್ರೀಕೂಲಿಂಗ್ ಕೋಣೆ ನಿಮ್ಮ ತೋಟಕ್ಕೆ ಎಷ್ಟು ಹತ್ತಿರವಿದೆ ಎಂದು ಮೊದಲು ನೋಡಿ. ಅದಿಲ್ಲದಿದ್ದರೆ ಮೊದಲು ಅದನ್ನು ಕಟ್ಟಿಸಿಕೊಳ್ಳಿ.